ಬಿಸಿಲಿತ್ತು, ಕರೆಂಟಿರಲಿಲ್ಲ

ವಿದ್ಯುತ್ ಸರಬರಾಜು ಕಚೇರಿಯ ಮಾನ್ಯ ಅಧಿಕಾರಿಗಳೇ,

ನನ್ನ ಮನೆಯ ತಾರಸಿಯ ಮೇಲೆ ಹತ್ತು ಸೋಲಾರ್ ಫಲಕಗಳಿವೆ. ಅವನ್ನು ನಿಮ್ಮ ಲೈನಿಗೆ ಜೋಡಿಸಲು ನೀವು ಕೊಟ್ಟ ಹದಿನಾಲ್ಕು ಪುಟದ ಅರ್ಜಿಯಲ್ಲಿ, ನಾನು ತಿಳಿಯಲೇಬೇಕಾಗಿದ್ದ ಒಂದು ಮಾತನ್ನು ಹನ್ನೊಂದನೆಯ ಪುಟದಲ್ಲಿ ಹೂತಿಟ್ಟಿದ್ದೀರಿ. ಬೀದಿಯಲ್ಲಿ ಕರೆಂಟು ಹೋದರೆ ಈ ಫಲಕಗಳೂ ಕೆಲಸ ನಿಲ್ಲಿಸುತ್ತವೆ, ನೆತ್ತಿ ಸುಡುವ ಬಿಸಿಲಿದ್ದರೂ. ಇದು ನನ್ನ ದೂರು. ದೂರುವ ಯೋಗ್ಯತೆ ನನಗೆಷ್ಟಿದೆ ಎಂಬುದನ್ನು ಮುಂದೆ ನೀವೇ ನೋಡುವಿರಿ.

ಆ ಮಾತನ್ನು ನೀವು ಬರೆದಿರುವುದು ಹೀಗೆ: 'ಜಾಲದ ವೋಲ್ಟೇಜಿನ ಅನುಪಸ್ಥಿತಿಯಲ್ಲಿ ಸದರಿ ಸ್ಥಾವರವು ಸ್ವಯಂ ಪ್ರತ್ಯೇಕಗೊಳ್ಳತಕ್ಕದ್ದು.' ಯಾರೋ ಸಂನ್ಯಾಸ ತೆಗೆದುಕೊಂಡಂತಿದೆ. ನಾನು ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು, ನಾಲ್ಕು ಸಾಲಿನ ಕವಿತೆಯ ಮುಂದೆ ಒಂದು ಮಧ್ಯಾಹ್ನವಿಡೀ ಕೂರಬಲ್ಲವಳು. ನಿಮ್ಮ ಈ ಒಂದು ಸಾಲಿಗೆ ಅರೆನಿಮಿಷವನ್ನೂ ಕೊಡಲಿಲ್ಲ. ಪುಟಪುಟಕ್ಕೂ ಸಹಿ ಹಾಕಿ ಚಹಾ ಕುಡಿಯಲು ಎದ್ದೆ.

ಆಮೇಲೆ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ನಾವಿನ್ನು ಯಾರ ಹಂಗಿನಲ್ಲೂ ಇಲ್ಲ, ನಮ್ಮ ಕರೆಂಟು ನಮ್ಮದು. ಎಲ್ಲರಿಗಿಂತ ಹೆಚ್ಚು ನಂಬಿದವಳು ಪಕ್ಕದ ಮನೆಯ ಟೈಲರ್. ಅವಳ ಅತ್ತೆಗೆ ಶ್ವಾಸಕೋಶದ ತೊಂದರೆ. ಹಾಸಿಗೆಯ ಪಕ್ಕದಲ್ಲಿ ಆಮ್ಲಜನಕದ ಯಂತ್ರವೊಂದು ಗುರ್ ಎನ್ನುತ್ತಲೇ ಇರಬೇಕು. ಕರೆಂಟು ಹೋದಾಗಿನ ಆಸರೆಗೆಂದು ಅವಳ ಹತ್ತಿರ ಒಂದು ಹಳೆಯ ಬ್ಯಾಟರಿ ಇತ್ತು. "ಆ ಡಬ್ಬಾನ ಯಾಕೆ ಇಟ್ಕೊಂಡಿದೀಯೇ, ಮನೆಯೆಲ್ಲಾ ಆಸಿಡ್ ವಾಸನೆ. ನಮ್ಮ ಬೀದೀಲಿ ಕರೆಂಟು ಹೋಗೋದೇ ಹಗಲು, ಹೋದ್ರೆ ನಮ್ಮನೆಯಿಂದ ಒಂದು ವೈರ್ ಎಳ್ಕೋ," ಎಂದೆ.

"ನಿಮಗೇನಕ್ಕಾ, ಸೂರ್ಯನ್ನೇ ಬಾಡಿಗೆಗೆ ಇಟ್ಕೊಂಡಿದೀರಾ," ಎಂದು ನಕ್ಕಳು. ಆ ವಾರವೇ ಬ್ಯಾಟರಿ ಗುಜರಿಗೆ ಹೋಯಿತು. ಅವಳೇ ಉದ್ದನೆಯ ಕೆಂಪು ವೈರೊಂದನ್ನು ತಂದು ನಮ್ಮಿಬ್ಬರ ನಡುವಿನ ಗೋಡೆಯ ಮೊಳೆಗೆ ಸುತ್ತಿಟ್ಟಳು.

ಇಲ್ಲಿಗೇ ನಿಲ್ಲಿಸಿದರೆ ತಪ್ಪೆಲ್ಲ ನಿಮ್ಮದೇ ಆಗುತ್ತದೆ. ನನಗೂ ಹಾಗೇ ನಿಲ್ಲಿಸುವ ಆಸೆಯಿತ್ತು.

ಎರಡು ವಾರದ ಬಳಿಕ, ಟೈಲರ್ ಅತ್ತೆಯನ್ನು ತಪಾಸಣೆಗೆ ಕರೆದೊಯ್ದಿದ್ದ ಒಂದು ಮಧ್ಯಾಹ್ನ, ಹತ್ತು ನಿಮಿಷ ಕರೆಂಟು ಹೋಯಿತು. ನಮ್ಮ ಮನೆಯ ಫ್ಯಾನೂ ನಿಂತಿತು. ಫಲಕ ಕೂರಿಸಿದವನಿಗೆ ಫೋನ್ ಮಾಡಿದೆ. "ಅದು ಹಾಗೇ ಮೇಡಂ. ಲೈನು ಸತ್ರೆ ಇದೂ ಮಲಗಬೇಕು. ಇಲ್ದಿದ್ರೆ ನಿಮ್ಮನೆ ಕರೆಂಟು ವಾಪಸ್ ಹೋಗಿ ಕಂಬದ ಮೇಲಿರೋನನ್ನ ಹೊಡೆಯತ್ತೆ. ಬ್ಯಾಟರಿ ಬೇಕಿತ್ತು ಅಂದ್ರೆ ಮೊದಲೇ ಹೇಳ್ಬೇಕಿತ್ತು." ನಿಮ್ಮ ಕಚೇರಿಗೂ ಹೋದೆ. ಗುಮಾಸ್ತರು ಹನ್ನೊಂದನೆಯ ಪುಟ ತೆರೆದು ನನ್ನ ಕಡೆ ತಿರುಗಿಸಿದರು. "ಸಹಿ ನಿಮ್ಮದೇ ಅಲ್ವಾ? ಓದಿದೋರ ಹಾಗೆ ಕಾಣ್ತೀರಿ."

ಕಂಬದ ಮೇಲಿನವನ ಜೀವ ಉಳಿಸುವ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಅಂದು ಮನೆಗೆ ಬಂದವಳು ಗೋಡೆಯಾಚೆ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಇಷ್ಟೆಲ್ಲ ಕೊಚ್ಚಿಕೊಂಡ ಬಾಯಿಂದ 'ನಮ್ಮದೂ ನಿಲ್ಲುತ್ತದೆ ಕಣೇ' ಎನ್ನಲು ನಾಚಿಕೆಯಾಯಿತು. ನಾಳೆ ಹೇಳೋಣ ಎಂದುಕೊಂಡೆ. ಮತ್ತೆ ಕರೆಂಟೂ ಹೋಗಲಿಲ್ಲ, ಹೀಗೆ ಎರಡು ತಿಂಗಳು ಕಳೆದವು.

ಕಳೆದ ತಿಂಗಳು ಬೆಳಗ್ಗೆ ಹನ್ನೊಂದೂವರೆಗೆ ಕರೆಂಟು ಹೋಯಿತು. ಗೋಡೆಯ ಮೇಲಿಂದ ಕೆಂಪು ವೈರಿನ ಪ್ಲಗ್ಗು ನನ್ನ ಕಾಲ ಬಳಿ ಬಂದು ಬಿತ್ತು. "ಅಕ್ಕಾ, ಬೇಗ ಹಾಕಿ, ಅತ್ತೆಗೆ ಉಸಿರು ಕಟ್ತಿದೆ."

ನಾನು ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಸಾಕೆಟ್ಟಿಗೆ ಚುಚ್ಚಿದೆ. ಅದರಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಚುಚ್ಚಿದೆ. "ಬಂತಾ?" ಎಂದು ಬೇರೆ ಕೇಳಿದೆ. "ಇಲ್ಲಕ್ಕಾ." ನಡುಮನೆಯ ಸಾಕೆಟ್ಟಿಗೆ ಹಾಕಿದೆ. "ಈಗ?" ಹೀಗೆ ಮೂರು ಕೋಣೆ ಸುತ್ತಿದೆ. ಐದು ನಿಮಿಷವಿರಬಹುದು. ಆ ಐದು ನಿಮಿಷ ಅವಳು ಕಾರು ಕರೆಸುವುದನ್ನು ಬಿಟ್ಟು ನನ್ನ ನಾಟಕ ಮುಗಿಯಲೆಂದು ಕಾದಳು.

ಅತ್ತೆ ಬದುಕಿದರು. ಒಂದು ವಾರ ಆಸ್ಪತ್ರೆಯಲ್ಲಿದ್ದು ಬಂದಿದ್ದಾರೆ, ಮಾತು ಕಡಿಮೆಯಾಗಿದೆ. ನೋಡಲು ಹೋದಾಗ ಟೈಲರ್ ಹೊಲಿಗೆ ಬಿಟ್ಟು ಎದ್ದು ಬಂದು ನನ್ನನ್ನೇ ಸಮಾಧಾನ ಮಾಡಿದಳು. "ನಿಮಗೇನು ಗೊತ್ತಿತ್ತಕ್ಕಾ, ಬಿಡಿ." ನಾನು ಹೂಂ ಎಂದೆ. ಐದು ನಿಮಿಷಕ್ಕಿಂತ ಆ ಒಂದು ಹೂಂ ನನ್ನನ್ನು ಹೆಚ್ಚು ಸುಡುತ್ತಿದೆ.

ಹೀಗಾಗಿ, ಮಾನ್ಯರೇ, ನಾವಿಬ್ಬರೂ ಒಂದೇ ಕೆಲಸ ಮಾಡಿದವರು. ನೀವು ಪುಟಗಳ ಹಿಂದೆ ಮುಚ್ಚಿಟ್ಟಿರಿ, ನಾನು ಗೋಡೆಯ ಹಿಂದೆ. ನಿಮ್ಮ ಬಳಿ ಮೊಹರಿದೆ, ನನ್ನ ಬಳಿ ಅದೂ ಇಲ್ಲ. ಮನೆಮನೆಯಲ್ಲೂ ಸೂರ್ಯ ಎಂದು ನಿಮ್ಮ ಕಚೇರಿಯ ಗೋಡೆಯ ತುಂಬ ಚಿತ್ರ ಬರೆಸಿದ್ದೀರಲ್ಲ, ಅದರಲ್ಲಿ ಒಂದು ಗೇಣು ಜಾಗ ಈ ಮಾತಿಗೆ ಸಿಗದೇ ಹೋಯಿತೇ? ನಾಳೆ ಇನ್ನೊಬ್ಬಳು ಪಕ್ಕದವಳಿಗೆ 'ಬ್ಯಾಟರಿ ಬಿಸಾಡು' ಎಂದರೆ ಅವಳನ್ನು ತಡೆಯುವವರಾರು?

ನನ್ನ ಬೇಡಿಕೆ ಒಂದೇ. ಅರ್ಜಿಯ ಮೊದಲ ಪುಟದಲ್ಲಿ, ಅತಿ ದೊಡ್ಡ ಅಕ್ಷರಗಳಲ್ಲಿ, ಮನೆಯಲ್ಲಿ ಆಡುವ ಮಾತಿನಲ್ಲಿ ಹಾಕಿಸಿ: 'ಬೀದಿಯಲ್ಲಿ ಕರೆಂಟು ಹೋದರೆ ನಿಮ್ಮ ಮನೆಯಲ್ಲೂ ಹೋಗುತ್ತದೆ. ಹೋಗಬಾರದೆಂದರೆ ಬ್ಯಾಟರಿ ಸೇರಿಸಿಕೊಳ್ಳಿ.' ಸಹಿ ಹಾಕುವವರು ಆ ಸಾಲನ್ನು ತಮ್ಮ ಕೈಯಿಂದ ಒಮ್ಮೆ ಬರೆಯಲಿ, ನನ್ನಂಥ ಓದಿದವರೂ.

ನಿಮಗೂ ಪತ್ರಿಕೆಗೂ ಕಳಿಸುವ ಮುನ್ನ, ಇಲ್ಲಿಯವರೆಗೆ ಬರೆದದ್ದನ್ನು ಪಕ್ಕದ ಮನೆಗೆ ಒಯ್ದು ಅವಳ ಮುಂದೆ ಓದಿದೆ. ಅವಳು ಕೊನೆಯವರೆಗೂ ಹೊಲಿಯುತ್ತಲೇ ಇದ್ದಳು. ಮುಗಿದ ಮೇಲೆ ದಾರ ಕಚ್ಚಿ ತುಂಡು ಮಾಡಿ, "ಎರಡು ತಿಂಗಳಾ ಅಕ್ಕಾ?" ಎಂದು ಮಾತ್ರ ಕೇಳಿದಳು. ಹೂಂ ಎಂದೆ. ಈ ಸಲ ಅದು ಸುಳ್ಳಾಗಿರಲಿಲ್ಲ. ಸಂಜೆ ನೋಡಿದರೆ ಗೋಡೆಯ ಮೊಳೆಯಲ್ಲಿ ಕೆಂಪು ವೈರು ಇರಲಿಲ್ಲ.

ನನ್ನ ಪುಟ ನಾನು ತೆರೆದಿದ್ದೇನೆ. ಇನ್ನು ನಿಮ್ಮದು.

ಇಂತಿ,
ಹದಿನಾಲ್ಕೂ ಪುಟಗಳಿಗೆ ಸಹಿ ಹಾಕಿದ
ನಿಮ್ಮ ಗ್ರಾಹಕಿ