ನಾಲಗೆಯ ಕುದುರೆ

ನ್ಯೂಹಾಲ್, ಕ್ಯಾಲಿಫೋರ್ನಿಯಾ
೧೪ ಅಕ್ಟೋಬರ್ ೧೯೬೩

ಮುದ್ದು ಮಗಳು ಲೋರೀನ್‌ಗೆ,

ನಿನ್ನ ಮೂರು ಕಾಗದಗಳಿಗೂ ಸೇರಿಸಿ ಇದೊಂದೇ ಉತ್ತರ. ಬಯ್ಯಬೇಡ. ಬಯ್ದರೂ ಸರಿಯೇ, ತಪ್ಪು ನನ್ನದು. ಮೊಮ್ಮಗ ಕ್ಲೈಡ್ ಮರಿಗೆ ಎರಡು ಹಲ್ಲು ಬಂದವು ಎಂದು ಓದಿದವನೇ ಲಾಯಕ್ಕೆ ಹೋಗಿ ನಮ್ಮ ಮುದಿ ಕುದುರೆ ಬಿಸ್ಕಿಟ್‌ಗೂ ಕಾಗದ ತೋರಿಸಿ ಬಂದೆ. ಅದು ಮೂಲೆ ಕಚ್ಚಿತು.

"ಮಗುವಿನ ದೀಕ್ಷಾಸ್ನಾನಕ್ಕೆ ಬಂದು ಹಾಡಲೇಬೇಕು ಅಪ್ಪಾ. ಊರೋರಿಗೆಲ್ಲಾ ಹಾಡಿದೀಯ, ನನ್ನ ಮಗ ಏನು ಪಾಪ ಮಾಡಿದಾನೆ? ಬರಕ್ಕಾಗದಿದ್ರೆ ರೆಕಾರ್ಡಾದ್ರೂ ಕಳಿಸು" ಎಂದಿದ್ದೀಯ. ನಾನು ತಂತಿ ಕೊಟ್ಟು ಒಮ್ಮೆ ಶೂಟಿಂಗ್ ಎಂದೆ, ಒಮ್ಮೆ ನೆಗಡಿ ಎಂದೆ. ಎರಡೂ ಸುಳ್ಳು. ನಿಮ್ಮ ಮನೆಗೆ ಭಾನುವಾರ ಬರುವ ಮೂಕ ಫೋನಿನ ಕಾಟಕ್ಕೆ ವಾಲ್ಟರ್ ನಂಬರನ್ನೇ ಬದಲಾಯಿಸುತ್ತಾನಂತೆ. ಅವಸರ ಬೇಡ ಎಂದು ನಿನ್ನ ಗಂಡನಿಗೆ ಹೇಳು.

ಶೂಟಿಂಗ್ ನಿಂತು ಎರಡು ವರ್ಷವಾಯಿತು. ನನ್ನ ಟೀವಿ ಧಾರಾವಾಹಿ 'ಉಪ್ಪುಹೊಳೆಯ ಸವಾರ' ಶುರುವಾದಾಗ ವಾರಕ್ಕೆ ಎರಡು ಹಾಡು. ಹಿಂದಿನ ದಿನ ಸ್ಟುಡಿಯೋದಲ್ಲಿ ಹಾಡುವುದು, ಮರುದಿನ ಗುಡ್ಡದ ಮೇಲೆ ಅದೇ ಹಾಡಿಗೆ ಬಿಸ್ಕಿಟ್ ಮೇಲೆ ಕೂತು ತುಟಿ ಆಡಿಸುವುದು. ಆಮೇಲೆ ಒಂದು ಹಾಡಾಯಿತು, ಅರ್ಧವಾಯಿತು. "ನೀನೊಂದು ಪಲ್ಲವಿ ಮುಗಿಸೋಷ್ಟ್ರಲ್ಲಿ ನಾಲ್ಕು ಜನಾನ ಗುಂಡು ಹೊಡೆದು ಮಲಗಿಸ್ಬಹುದು ಕಣಯ್ಯಾ" ಎಂದ ನಿರ್ದೇಶಕ. ಕೊನೆಗೆ ಮಲಗುವ ನಾಲ್ವರಲ್ಲಿ ನಾನೂ ಒಬ್ಬನಾದೆ. ಒಂದೇ ವಾರ ಎರಡು ಧಾರಾವಾಹಿಗಳಲ್ಲಿ ಸತ್ತಾಗ "ಅಪ್ಪಾ, ಬದುಕಿದೀಯಾ?" ಎಂದು ನೀನೇ ತಂತಿ ಕೊಟ್ಟಿದ್ದೆ, ನೆನಪಿದೆಯೇ?

ಬದುಕಿದ್ದೇನೆ, ಲೋರೀನ್. ಆದರೆ ಮೇ ತಿಂಗಳಲ್ಲಿ ಗಂಟಲಲ್ಲಿ ಗಡ್ಡೆ ಕಂಡಿತು. ಜೀವ ಉಳಿಸಲು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕುತ್ತಿಗೆಯಲ್ಲೊಂದು ತೂತು, ಅದರ ಮೇಲೆ ಕರವಸ್ತ್ರ. ಕೌಬಾಯ್‌ಗೆ ಅದೇನೂ ಹೊಸ ವೇಷವಲ್ಲ. ಮಾತೆಲ್ಲ ಸ್ಲೇಟಿನ ಮೇಲೆ. ನಿನಗೆ ಹೇಳುವ ಧೈರ್ಯ ಬರಲಿಲ್ಲ.

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಬಿಸ್ಕಿಟ್ ನನ್ನ ಹತ್ತಿರ ಬರಲೇ ಇಲ್ಲ. ಅದನ್ನು ಕರೆಯುತ್ತಿದ್ದುದು ಹಾಡಿನಿಂದ. ಲಾಯದ ಆರ್ವಿಲ್ ನನ್ನ ಹಳೇ ರೆಕಾರ್ಡು ತಂದು ಬೇಲಿಯ ಬಳಿ ಗ್ರಾಮಫೋನ್ ಇಟ್ಟ. ಹಾಡು ಶುರುವಾದದ್ದೇ ತಡ, ಹುಲ್ಲುಗಾವಲಿನ ಆ ತುದಿಯಿಂದ ಓಡಿ ಬಂತು. ನನ್ನನ್ನು ದಾಟಿ ಹೋಗಿ ಪೆಟ್ಟಿಗೆಗೆ ಮೂತಿ ಆನಿಸಿ ನಿಂತಿತು. "ಲೇ ಮೂದೇವಿ, ನಿನ್ನ ಯಜಮಾನ ಇಲ್ಲಿದಾನೆ ನೋಡೇ!" ಎಂದು ಆರ್ವಿಲ್ ಕೂಗಿದ. ಕುತ್ತಿಗೆ ಸವರಿದೆ, ಕಿವಿ ಮಾತ್ರ ಪೆಟ್ಟಿಗೆಯ ಕಡೆಗೇ. ನನಗೆ ಅಳು ಬಂತು. ಅಳುವುದಕ್ಕೂ ದನಿ ಬೇಕು ಎಂದು ಆಗ ಗೊತ್ತಾಯಿತು.

ಅದಕ್ಕೇ ರೆಕಾರ್ಡು ಕಳಿಸುತ್ತಿಲ್ಲ. ಕ್ಲೈಡ್ ಕೂಡ ಪೆಟ್ಟಿಗೆಯನ್ನೇ ತಾತ ಅಂದುಕೊಂಡರೆ? ಇದು ಮುದುಕನ ಹೊಟ್ಟೆಕಿಚ್ಚು, ಕ್ಷಮಿಸು.

ನೀನು ಚಿಕ್ಕವಳಿದ್ದಾಗ ಮೊದಲು ಕುದುರೆ ಬರಲಿ, ಆಮೇಲೆ ಹಾಡು ಎಂದು ಹಟ ಮಾಡುತ್ತಿದ್ದೆ. ನಾನು ನಾಲಗೆಯಲ್ಲಿ ಟಕ್ ಟಕ್ ಎಂದು ಕುದುರೆ ನಡೆಸಿ, ನಿನ್ನ ಹಾಸಿಗೆಯ ಪಕ್ಕ ತಂದು ನಿಲ್ಲಿಸಬೇಕಿತ್ತು. ಎಷ್ಟೋ ಸಲ ಹಾಡು ಶುರುವಾಗುವ ಮೊದಲೇ ನೀನು ನಿದ್ದೆ ಹೋಗಿರುತ್ತಿದ್ದೆ.

ಮಗುವಿನ ತಲೆ ಮೇಲೆ ನೀರು ಬೀಳುವಾಗ ನನ್ನ ಆಶೀರ್ವಾದವೂ ಬೀಳಲಿ. ನೀವು ಮೂವರೂ ತಣ್ಣಗಿರಿ.

ನಿನ್ನ ಅಪ್ಪ,
ಲೈಲ್ ಹ್ಯಾಸ್ಕೆಟ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ಆ ಭಾನುವಾರದ ಫೋನು ನನ್ನದು. ಆರ್ವಿಲ್ ಆಪರೇಟರ್‌ಗೆ ನಿಮ್ಮ ನಂಬರ್ ಹೇಳಿ ಫೋನನ್ನು ನನ್ನ ಕೈಗೆ ಕೊಡುತ್ತಾನೆ. "ಹೇಳ್ಬಿಡೋ ಮಾರಾಯ, ಮಗಳ ಹತ್ರ ಎಂಥಾ ಮುಚ್ಚುಮರೆ" ಎಂದು ಪ್ರತಿ ಸಲವೂ ಬಯ್ಯುತ್ತಾನೆ. ನೀನು "ಹಲೋ, ಯಾರು?" ಎನ್ನುತ್ತೀಯಲ್ಲ, ಅಷ್ಟೇ ಕೇಳಬೇಕಿತ್ತು ನನಗೆ. ಹೋದ ವಾರ ವಾಲ್ಟರ್ ಎತ್ತಿ "ಯಾವನೋ ನೀನು, ನಾಲಿಗೆ ಬಿದ್ದುಹೋಗಿದ್ಯಾ?" ಎಂದು ಗದರಿದ. ನಾಲಗೆ ಬಿದ್ದಿಲ್ಲ ಎಂದು ಅವನಿಗೆ ಹೇಳು. ನಂಬರ್ ಬದಲಾಯಿಸಬೇಡಿ. ದೀಕ್ಷಾಸ್ನಾನ ಮುಗಿಸಿ ಮನೆಗೆ ಬಂದಾಗ ಫೋನ್ ಬಡಿದರೆ, ಏನೂ ಕೇಳದೆ ಕ್ಲೈಡನ ಕಿವಿಗೆ ಹಿಡಿ. ಕುದುರೆ ನಡೆದು ಬರುತ್ತದೆ. ಅದು ಬಂದು ನಿಂತ ಮೇಲೆ, ಹಾಡು ನೀನು ಹಾಡಮ್ಮ.