ಪ್ರಶ್ನೆ ಚಿಹ್ನೆಗಳ ಸಾಲು

೧೪ ನವೆಂಬರ್ ೨೦೨೪, ಗುರುವಾರ. ಕುಬಟೂರು.

ನನಗೆ ಬೇಕಿದ್ದದ್ದು ಅತ್ತೆಯ ಹಾಡುಗಳನ್ನು ಟೈಪ್ ಮಾಡಿಕೊಳ್ಳಲು ಒಂದು ಸಣ್ಣ ಎಡಿಟರ್, ಅಷ್ಟೇ. ಸೊರಬದಲ್ಲಿ ಹಳೆಯ ಲ್ಯಾಪ್‌ಟಾಪಿಗೆ ಹಗುರವಾದ ಲಿನಕ್ಸ್ ಹಾಕಿಸಿದ ಮೇಲೂ ದೊಡ್ಡ ತಂತ್ರಾಂಶಗಳು ನಡುನಡುವೆ ನಿಂತುಬಿಡುತ್ತವೆ. ಹಾಡಲು ಕೂತರೆ ಅತ್ತೆ ನಿಲ್ಲುವುದಿಲ್ಲ. ಅರಿಸಿನ ಹಚ್ಚುವ ಪದ ಅರ್ಧಕ್ಕೆ ಬಿಟ್ಟರೆ ಮದುಮಗಳಿಗೆ ಒಳ್ಳೆಯದಲ್ಲವಂತೆ. ರೆಕಾರ್ಡ್ ಮಾಡಲು ಫೋನು ಎದುರಿಟ್ಟರೆ ಬಾಯೇ ಬಿಡುವುದಿಲ್ಲ.

ಇವತ್ತು ಸಿಕ್ಕ ಎಡಿಟರ್ ಒತ್ತಿದ ಕೂಡಲೇ ತೆರೆಯಿತು. ಅತ್ತೆ ಇಪ್ಪತ್ತಮೂರು ನುಡಿ ಹಾಡಿದರು. ಎರಡು ಕಡೆ ತಡವರಿಸಿದರು, ಹೋದ ವರ್ಷ ಹಾಗಿರಲಿಲ್ಲ. ಒಂದೂ ಬಿಡದೆ, ಅವರು ಉಸಿರೆಳೆದುಕೊಂಡಲ್ಲೆಲ್ಲ ಜಾಗ ಬಿಟ್ಟು, ಟೈಪ್ ಮಾಡಿದೆ. ಸೇವ್ ಮಾಡುವಾಗ ಅದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಓದದೆ ಓಕೆ ಒತ್ತಿದೆ.

“ಎಲ್ಲಾ ಬರ್ಕಂಡ್ಯೇನವ್ವಾ?”

“ಹೂಂ ಅತ್ತೆ, ಎಲ್ಲಾ ಬಂತು.”

“ಹಂಗಾರೆ ಇನ್ನು ನಾ ಮರೆತ್ರೂ ಚಿಂತಿಲ್ಲ ಬಿಡು.”

ಸಂಜೆ ತೆರೆದು ನೋಡಿದರೆ ಒಂದು ಅಕ್ಷರವಿಲ್ಲ. ಇಪ್ಪತ್ತಮೂರು ನುಡಿಗೂ ಬರೀ ಪ್ರಶ್ನೆ ಚಿಹ್ನೆ, ಸಾಲು ಸಾಲು. ಕನ್ನಡ ಅಕ್ಷರ ಉಳಿಯುವುದಿಲ್ಲ, ಆದರೂ ಸೇವ್ ಮಾಡಲೇ ಎಂದು ಅದು ಆಗ ಕೇಳಿದ್ದಂತೆ. ಹಿಂದಕ್ಕೆ ತರುವ ದಾರಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಇನ್ನೊಮ್ಮೆ ಹಾಡಿ ಎಂದು ಯಾವ ಬಾಯಲ್ಲಿ ಕೇಳಲಿ? ರಾತ್ರಿ ನೆಮ್ಮದಿಯಿಂದ ಉಂಡು ಮಲಗಿದ್ದಾರೆ.

ಆ ಫೈಲು ಅಳಿಸಲೂ ಕೈ ಬರುತ್ತಿಲ್ಲ. ಅತ್ತೆ ಎಲ್ಲೆಲ್ಲಿ ಉಸಿರೆಳೆದುಕೊಂಡರೋ, ಆ ಖಾಲಿ ಜಾಗಗಳು ಮಾತ್ರ ಹಾಗೇ ಇವೆ.