ಬೆಲ್ಲವ್ವಗ ನೀರು ಕುಡಿಸಿದ್ದು

ಹಳೇ ಹುಬ್ಬಳ್ಳಿ,
ಬುಧವಾರ, ೧೯ ನವೆಂಬರ್ ೨೦೨೫

ಪ್ರೀತಿಯ ಮಗಳು ಭುವನೇಶ್ವರಿಗೆ,

ನಿನ್ನ ಫಕೀರೇಶ ಕಾಕಾನ ಹೊಟ್ಟಿತುಂಬ ಆಶೀರ್ವಾದ. ಹೆಂಗದಿ? ಕಾಲಿನ ಬೊಕ್ಕಿ ಒಣಗಿದ್ವೇನ? ಹೊಸಾ ಬೂಟು ಹಿಮ್ಮಡ ಕಚ್ಚತಾವ, ಒಳಗ ಒಂದೀಟು ಕೊಬ್ಬರಿ ಎಣ್ಣಿ ಸವರು, ಎರಡ ದಿನದಾಗ ಮೆತ್ತಗ ಆಕ್ಕಾವ. ಅಲ್ಲೆ ರೊಟ್ಟಿ ಸಿಗತಾವೋ, ಬರೇ ಅನ್ನ ಉಂಡು ಓಡಾಕತ್ತೀಯೋ ಅಂತ ನಿಮ್ಮವ್ವಗ ದಿನಾ ಚಿಂತಿ. ನಾ ಹೇಳೇನಿ, ಪೊಲೀಸ್ ಆಗೋ ಹುಡುಗಿ ಅನ್ನದ ಮ್ಯಾಲೂ ಓಡತಾಳ, ಅಂಬಲಿ ಮ್ಯಾಲೂ ಓಡತಾಳ, ನೀವು ಸುಮ್ಮಕ ಕುಂದರ್ರಿ ವೈನಿ ಅಂತ. ಇಲ್ಲೆ ಎಲ್ಲಾರೂ ಆರಾಮ. ನಿಮ್ಮಪ್ಪ ಅಂಗಡಿಗೆ ಹೋಗಿ ಬಂದು ಮಾಡತಾನ, ಓಣಿ ಹಂಗ ಐತಿ.

ಮೊಬೈಲ್ ಇರೋ ಕಾಲದಾಗ ಕಾಕಾ ಪತ್ರ ಯಾಕ ಬರದಾನ ಅಂತ ನಗಬ್ಯಾಡ. ನಿಮ್ಮ ಟ್ರೇನಿಂಗಿನಾಗ ಐತವಾರಕ್ಕೊಮ್ಮೆ ಹತ್ತ ನಿಮಿಷ ಫೋನ್ ಕೊಡತಾರ. ಅದರಾಗ ಒಂಬತ್ತು ನಿಮಿಷ ನಿಮ್ಮವ್ವನ ಪಾಲು. ಉಳಿದ ಒಂದರಾಗ ನೀ 'ಬೆಲ್ಲವ್ವ ನೀರು ಕುಡಿಯಾಕತ್ತಾಳೇನ ಕಾಕಾ' ಅಂತಿ, ನಾ 'ಹೂಂ' ಅನ್ನೂದರಾಗ ಮುಗೀತು. ನಾ ಮಾಡಿದ ಅಷ್ಟು ದೊಡ್ಡ ಕೆಲಸ ಒಂದು ಹೂಂ ಒಳಗ ಹಿಡಿತೈತೇನ? ಅದಕ್ಕ ಹಾಳಿ ತಗೊಂಡು ಕುಂತೇನಿ.

ಡಾಕ್ಟರ್ ಹೇಳಿದ್ದು ನಿನಗೆಷ್ಟು ನೆನಪೈತೋ ನನಗೂ ಅಷ್ಟ ಐತಿ. ಹನ್ನೊಂದು ವರ್ಷದ ಬೆಕ್ಕು, ಕಿಡ್ನಿ ಸೊರಗ್ಯಾವ, ಹೊಟ್ಟಿಗೆ ನೀರು ಹೋಗೂತನಕ ಬದುಕತೈತಿ, ನಿಂತ ನೀರು ಮೂಸಿ ಬಿಟ್ಟು ಹೊಕ್ಕೈತಿ, ಹರಿಯೋ ನೀರು ಇಡ್ರಿ ಅಂದ್ರು. ನೀ ಆ ಬಿಳೇ ಪ್ಲಾಸ್ಟಿಕ್ ಕಾರಂಜಿ ತರಿಸಿ, ಚಾರ್ಜರಿಗೆ ಚುಚ್ಚಿ, 'ಕಾಕಾ, ನೀ ನೋಡಕೊಂತೇನಿ ಅಂದ್ರ ಹೋಗತೇನಿ, ಇಲ್ಲಂದ್ರ ಈ ನೌಕರಿನ ಬ್ಯಾಡ' ಅಂದಿ. ನಾ ಎದಿ ತಟ್ಟಿಕೊಂಡು ಹೋಗು ಅಂದೆ. ಅನ್ನಬೇಕಲ್ಲ ಮತ್ತ! ತಾರಿಹಾಳದ ವರ್ಕ್‌ಶಾಪಿನಾಗ ಇಪ್ಪತ್ತೆರಡು ವರ್ಷ ಪಂಪಿನ ಮೋಟರಿಗೆ ತಂತಿ ಸುತ್ತಿದಾವ ನಾನು. ಈ ಜಿಲ್ಲಾದ ಅರ್ಧಾ ಹೊಲಕ್ಕ ನೀರು ಏರಿದ್ದು ನನ್ನ ಕೈಯಿಂದ. ಅಂಥಾವನ ಕೈಯಾಗ ಲಿಂಬಿಹಣ್ಣಿನಷ್ಟು ಮೋಟರ್ ಕೊಟ್ಟು, ಮ್ಯಾಲೆ ಗ್ವಾಡಿಗೆ ಚೀಟಿ ಅಂಟಿಸಿ ಹೋದೆಲ್ಲ, ಗೆರಿ ಕೆಳಗ ನೀರು ಇಳೀಬಾರದು, ಎಂಟು ದಿನಕ್ಕೊಮ್ಮೆ ಮೋಟರ್ ಬಿಚ್ಚಿ ಕೂದಲು ತಗೀಬೇಕು, ತಿಂಗಳಿಗೊಮ್ಮೆ ಫಿಲ್ಟರ್ ಬದಲಿ, ಸಾಬಣ ಹಚ್ಚಬಾರದು ಅಂತ! ಓದಿ ನನಗ ನಗಿ ಬಂತು.

ಸಾಬಣ ಬ್ಯಾಡ ಅಂದಿ, ನಾ ಹಚ್ಚಲಿಲ್ಲ. ನೀರು ಕಾಸೋ ಒಲಿ ಬೂದಿ ಹಚ್ಚಿ ತಿಕ್ಕಿದೆ. ಬೆಳ್ಳಿ ಬಟ್ಟಲಾ ಹಂಗ ಹೊಳೀತು. ಬೂದಿ ಫಿಲ್ಟರಿನೊಳಗ ಹೊಕ್ಕು ಮೋಟರ್ ಹೊಟ್ಟಿನೋವು ಬಂದವರಂಗ ಗುಂಯ್ ಅನ್ನಾಕ ಹತ್ತಿದ್ದು ಬ್ಯಾರೆ ಮಾತು. ಹಳೇ ಹಲ್ಲಿನ ಬ್ರಶ್ ತಗೊಂಡು ಒಂದು ತಾಸು ಕುಂತು ಸ್ವಚ್ಛ ಮಾಡಿದೆ. ಬೋರಿನ ಸವಳು ನೀರಿಗೆ ಬೆಳ್ಳಗ ಕಟ್ಟಿತ್ತು, ಅದಕ್ಕ ಹುಣಸಿಹಣ್ಣಿನ ನೀರು. ನಿನ್ನ ಚೀಟ್ಯಾಗ ಹುಣಸಿ ಇರಲಿಲ್ಲ, ಬರಕೊ.

ಆದ್ರ ನಮ್ಮ ಬೆಲ್ಲವ್ವ ಕಾರಂಜಿ ಮುಂದ ಎರಡ ದಿನ ಸಿನೇಮಾ ನೋಡಿದಂಗ ಕುಂತ್ಲು. ಕಾಲು ಅದ್ದತಿದ್ಲು, ಝಾಡಿಸತಿದ್ಲು, ಕುಡೀಲಿಲ್ಲ. ಎದುರು ಮನಿ ರುಕ್ಮವ್ವ ಬ್ಯಾರೆ ಬಾಗಲಾಗ ನಿಂತು, "ಏನ್ರಿ ಫಕೀರಪ್ಪ, ನಮಗ ಎಂಟು ದಿನಕ್ಕೊಮ್ಮೆ ನಳ, ನಿಮ್ಮ ಬೆಕ್ಕಿಗೆ ಹಗಲೂ ರಾತ್ರಿ ನಳಾನೇನ್ರಿ? ಯಾವ ಮೆಂಬರನ್ನ ಹಿಡದೀರಿ?" ಅಂದ್ಲು. ನಾ ಬಿಡತೇನೇನ? "ಆ ಕಾರಂಜಿ ಉಗುಳಿದ ನೀರನ್ನ ಅದ ಕುಡಿತೈತ್ರಿ, ನಿಮಗೂ ಒಂದು ಜೋಡಿಸಿ ಕೊಡ್ಲೇನ್ರಿ?" ಅಂದೆ. ಆವತ್ತಿಂದ ನಳ ಬಂದ ದಿನ ನಮಗ ಪಾಳಿ ಹೇಳೂದು ಬಿಟ್ಟಾಳ.

ಮೂರನೇ ದಿನ ಮೋಟರ್ ಬಿಚ್ಚಿ ಕೂದಲು ತಗೀತಿದ್ದೆ. ಜೋಡಿಸಿ ನೀರು ಬಿಟ್ಟೆ. ನೀರಿನ ಸಪ್ಪಳ ಕೇಳಿ ನನಗ ಗೊತ್ತಿಲ್ಲದಂಗ ತುಟಿ ಸಣ್ಣ ಆಗಿ ಸಿಳ್ಳ ಬಂತು. ಖಾಟಿನ ಕೆಳಗಿಂದ ಬೆಲ್ಲವ್ವ ಎದ್ದು ಬಂದು ನನ್ನ ಮೊಣಕಾಲಿಗೆ ಮೈ ತಿಕ್ಕಿ, ತಲಿ ಬಗ್ಗಿಸಿ ಲಪ್ಪ ಲಪ್ಪ ಕುಡದ್ಲು. ನಾ ಸಿಳ್ಳ ನಿಲ್ಲಿಸಿದೆ, ಆಕಿ ತಲಿ ಎತ್ತಿದ್ಲು. ಮತ್ತ ಹಾಕಿದೆ, ಮತ್ತ ಕುಡದ್ಲು. ಖರೇ ಹೇಳತೇನಿ ಭುವಿ, ನನ್ನ ಮೈಮ್ಯಾಲೆ ಮುಳ್ಳೆದ್ವು. ಆ ಸಿಳ್ಳ ನಂದಲ್ಲ, ನಮ್ಮಪ್ಪಂದು, ನಿಮ್ಮ ಅಜ್ಜಂದು.

ನೀ ಅವರನ್ನ ನೋಡಿಲ್ಲ. ಕುಂದಗೋಳ ಕಡೆ ನಮ್ಮೂರಾಗ ಬಾವಿ ಬಾಜೂಕ ದನಕ್ಕ ನೀರು ಕುಡಿಸೋ ಕಲ್ಲಿನ ಬಾನಿ ಇತ್ತು. ಹೊತ್ತು ಮುಳುಗೂ ಮುಂದ ಅಪ್ಪ ನೊಗ ಇಳಿಸಿ ಎತ್ತು ಹೊಡಕೊಂಡು ಬರಾಂವ. ನಾ ಕೊಡದಿಂದ ಸೇದಿ ಸೇದಿ ಬಾನಿ ತುಂಬಿಸಬೇಕು. ಎರಡ ಎತ್ತು, ಒಂದು ಮಲ್ಲ, ಒಂದು ಸಾರಂಗ. ಎರಿಹೊಲದಾಗ ದಿನ ಎಲ್ಲಾ ಎಳದು ಬಂದ್ರೂ ಅವು ಬರೇ ಮೂಸಿ ನೋಡಿ ನಿಲ್ಲತಿದ್ವು. ಅಪ್ಪ ಸಾರಂಗನ ಕೊಳ್ಳಿನ ಮ್ಯಾಲೆ ಕೈ ಇಟ್ಟು ಸಿಳ್ಳ ಸುರು ಮಾಡಾಂವ. ಹಾಡಲ್ಲ, ರಾಗಲ್ಲ. ತುಟಿ ಸಣ್ಣ ಮಾಡಿ ಬಿಟ್ಟ ಉಸಿರು, ಉದ್ದಕ ಹೋಗಿ ಕಡೀಗೆ ಇಳೀತಿತ್ತು. ಎತ್ತಿನ ಗಂಟಲದಾಗ ಒಂದೊಂದ ಗುಟುಕು ಇಳಿಯೂದು ಕಣ್ಣಿಗೆ ಕಾಣತಿತ್ತು. ಸಿಳ್ಳ ನಿಂತ್ರ ಮೋತಿಯಿಂದ ನೀರು ಸೋರಿಸಿಕೊಂತ ತಿರುಗಿ ನೋಡತಿದ್ವು, ಯಾಕ ನಿಲ್ಲಿಸಿದಿ ಅಂತ ಕೇಳಿದಂಗ. ಅಪ್ಪ ನಮ್ಮ ಜೋಡಿ ಮಾತಾಡಿದ್ದ ಕಡಿಮಿ. ಬಾ, ಹೋಗು, ಉಣ್ಣು, ಇಷ್ಟ. ಎತ್ತಿಗೆ ಮಾತ್ರ ಅಷ್ಟು ಹೊತ್ತು ಸಿಳ್ಳ. ನನಗ ಹೊಟ್ಟಿಕಿಚ್ಚು. ಒಂದಿನ ಏನ ಮಾಡಿದೆ, ನಾನೂ ಬಾನಿಯ ಈಚೆ ತುದಿಗೆ ಬಗ್ಗಿ, ಎತ್ತಿನಂಗ ಬಾಯಿ ಹಚ್ಚಿ ಕುಡಿಯಾಕ ಹತ್ತಿದೆ. ಬೈತಾನ ಅನಕೊಂಡಿದ್ದೆ. ಬೈಲಿಲ್ಲ. ಸಿಳ್ಳಾನೂ ನಿಲ್ಲಸಲಿಲ್ಲ. ಸಾರಂಗನ ಮ್ಯಾಲಿದ್ದ ಕೈ ತಗದು ನನ್ನ ತಲಿ ಮ್ಯಾಲೆ ಇಟ್ಟ. ಹೊಟ್ಟಿ ಉಬ್ಬೂತನಕ ಕುಡದೆ ನಾ ಅವತ್ತು.

ಅದ ಚಾಳಿ ಸಾಲಿಗೂ ಬಂತು. ಹುಲಗೇಶ ಅನ್ನಾಂವ ಗಡಿಗಿ ನೀರು ಕುಡಿಯೂ ಮುಂದ ನಾ ಹಿಂದ ನಿಂತು ಸಿಳ್ಳ ಹಾಕಿದೆ. ಮಾಸ್ತರ್ರು "ಲೇ, ಅಂವ ಎತ್ತೇನಲೇ?" ಅಂತ ಬೆನ್ನಿಗೆ ಎರಡ ಕೊಟ್ರು. ನಾಲ್ಕನೇತ್ತಾ ಎರಡ ಸಲ ಕಲಿತಾವ ನಾ, ಎಲ್ಲಾ ಗಟ್ಟಿ ಆಗೈತಿ, ಸಿಳ್ಳ ಎಲ್ಲಾಕಿಂತ ಗಟ್ಟಿ.

ಹಿಂಗ ಮುಂಜಾನಿ, ಮಧ್ಯಾಹ್ನ, ದೀಪಾ ಹಚ್ಚೂ ಹೊತ್ತು, ದಿನಾ ಮೂರು ಸಲ ಕಾರಂಜಿ ಮುಂದ ನನ್ನ ಕಛೇರಿ. ಬಾಜೂ ಮನಿ ಟೇಲರ್ ಅಹಮದಸಾಬ ಮಶೀನ್ ನಿಲ್ಲಿಸಿ, "ಫಕೀರಪ್ಪಾ, ನೀ ಸಿಳ್ಳ ಹಾಕಿದ್ರ ನನಗೂ ನೀರಡಿಕಿ ಆಕ್ಕೈತೋ ಮಾರಾಯಾ" ಅಂತಾನ. ಹೋದ ತಿಂಗಳ ಡಾಕ್ಟರ್ ತೂಕ ಮಾಡಿ, "ಏನ್ ಮಂತ್ರಾ ಹಾಕೀರಿ?" ಅಂದ್ರು. ಹೇಳಲಿಲ್ಲ ನಾ. ಎಲ್ಲಾ ಹೇಳಿದ್ರ ಅವರು ಡಾಕ್ಟರ್ ಯಾಕಾಗಬೇಕು?

ಇರ್ಲಿ, ಹಾಳಿ ಮುಗೀತು. ಗಟ್ಟಿಯಾಗಿ ಉಣ್ಣು, ನೆಟ್ಟಗ ನಿಲ್ಲು, ನಿಮ್ಮ ಡ್ರಿಲ್ ಉಸ್ತಾದರಿಗೆ ಹುಬ್ಬಳ್ಳಿ ಹುಡುಗಿ ಅಂದ್ರ ಏನಂತ ತೋರಿಸು. ನಿಮ್ಮವ್ವ ಅಪ್ಪನ ಆಶೀರ್ವಾದ, ಅಹಮದಸಾಬನ ಸಲಾಮು ಇದರಾಗ ಕೂಡಿಸೇನಿ.

ನಿನ್ನ ಹೆಮ್ಮಿಯ ಕಾಕಾ,
ಫಕೀರೇಶ
ಪಂಪ್ ಆಪರೇಟರ್, ಬೆಲ್ಲವ್ವನ ಕಾರಂಜಿ

ತಾ.ಕ.: ಪಾಕೀಟು ಮುಚ್ಚಾಕ ಕೈ ಬರವಲ್ದು. ಮ್ಯಾಲೆ ಬರದದ್ದು ಸುಳ್ಳಲ್ಲ ಭುವಿ, ಆದ್ರ ಅದೆಲ್ಲಾ ಐತವಾರದ ತನಕದ್ದು. ಸೋಮವಾರ ನನ್ನ ಮುಂದಿನ ನಾಲ್ಕು ಹಲ್ಲು ತಗಸಿದೆ, ಅಲುಗಾಡತಿದ್ವು. ವಸಡು ಬಾತೈತಿ, ತುಟಿ ಕೂಡಿಸಿದ್ರ ಬರೇ ಗಾಳಿ. ಕಟ್ಟಿಸಿದ ಹಲ್ಲು ಬರೂದು ಇನ್ನೂ ಆರು ವಾರಕ್ಕ. ಹಲ್ಲು ತಗಸೂ ಮುಂದ ಈ ವಿಚಾರ ತಲಿಗೆ ಹೊಳೀಲಿಲ್ಲ. ಬೆಲ್ಲವ್ವ ಹೊತ್ತಿಗೆ ಸರಿಯಾಗಿ ಬಂದು ಕಾರಂಜಿ ಮುಂದ ಕೂಡತಾಳ, ನನ್ನ ಬಾಯಿ ನೋಡತಾಳ, ಎದ್ದು ಹೋಗತಾಳ. ಮೂರು ದಿನ ಆತು. ಅಹಮದಸಾಬನ ಮನಿಯಿಂದ ಸಾರಿನ ತಿಳಿ ತಂದು ಪಿಚಕಾರಿಲೆ ಆಕಿ ಬಾಯಾಗ ಹಾಕಾಕತ್ತೇನಿ, ಅರ್ಧಾ ಹೊರಗ ಹೊಕ್ಕೈತಿ. ಅವನೂ ಸಿಳ್ಳ ಹಾಕಿ ನೋಡಿದ, ಕುಕ್ಕರ್ ಕೂಗಿದಂಗ ಆಗಿ ಆಕಿ ಖಾಟಿನ ಕೆಳಗ ಹೊಕ್ಲು. ಬರೂ ಸೋಮವಾರದ ತನಕ ತಾನಾಗಿ ಕುಡೀಲಿಲ್ಲಂದ್ರ ದಿನಾ ಸೂಜಿ ಚುಚ್ಚಿ ಸಲೈನ್ ಅಂದಾರ ಡಾಕ್ಟರ್, ಆಕಿ ಜೀವ ತಾಳತೈತೋ ಇಲ್ಲೋ ಅಂತಾನೂ ಅಂದಾರ. ಟ್ರೇನಿಂಗ್ ಬಿಟ್ಟು ಓಡಿ ಬರಬ್ಯಾಡ, ನಿನ್ನ ಕಾಲು ಬೀಳತೇನಿ. ಏಳು ವರ್ಷದಾಕಿ ಇದ್ದಾಗ ನಮ್ಮ ಕಟ್ಟಿ ಮ್ಯಾಲೆ ಕುಂತು ನನ್ನ ನೋಡಿ ಈ ಸಿಳ್ಳ ನೀ ಕಲತಿ, ಹೆಣ್ಣು ಹುಡುಗ್ರು ಹಿಂಗ ಮಾಡತಾವೇನ ಅಂತ ವೈನಿ ಬೈದ್ರ ಮಾಳಿಗಿ ಹತ್ತಿ ಹಾಕತಿದ್ದಿ. ನನ್ನ ಬಿಟ್ರ ಅದು ಇರೋದು ನಿನ್ನ ಬಾಯಾಗಷ್ಟ. ಈ ಐತವಾರ ಮೊದಲು ಫೋನ್ ಕಾಕಾಗ ಕೊಡು ಅಂತ ಅವ್ವಗ ಹೇಳು. ನಾ ಅದನ್ನ ನೀರಿನ ಮಗ್ಗಲಿಗೆ ಹಿಡೀತೇನಿ, ಅಹಮದಸಾಬ ತನ್ನ ಮೊಬೈಲಿನಾಗ ರೆಕಾರ್ಡ್ ಮಾಡಕೊಂತಾನ, ಆಮ್ಯಾಲೆ ದಿನಾ ಅದನ್ನ ಹಚ್ಚತೇವಿ. ಹಲೋ ಗಿಲೋ ಅನ್ನಬ್ಯಾಡ, ಅಳಬ್ಯಾಡ, ಅತ್ರ ಸಿಳ್ಳ ಒಡೀತೈತಿ. ನಿಮ್ಮ ಉಸ್ತಾದ್ರು ಬಾಜೂಕ ನಿಂತಿದ್ರೂ ನಾಚಬ್ಯಾಡ. ಸಣ್ಣಗ ಸುರು ಮಾಡು, ಕಡೀಗೆ ಇಳಸು, ಆಕಿ ಕುಡದ್ಲು ಅಂತ ನಾ ಒದರೂತನಕ ನಿಲ್ಲಸಬ್ಯಾಡ.